ಕ್ರೀಡಾರಂಗದ ಅಭಯ

೧

‘ರಂಗಭೂಮಿ’ ಎಂಬ ಶಬ್ದವು ಈಗಿನ ಕನ್ನಡದಲ್ಲಿ ಬಹುಮಟ್ಟಿಗೆ ನಾಟಕಕ್ಕೆ ಮಾತ್ರ ಸಲ್ಲುತ್ತಿದೆ. ಪೂರ್ವದಲ್ಲಿ ಅದರ ಅರ್ಥವ್ಯಾಪ್ತಿಯು ಇದಕ್ಕಿಂತ ಹಿರಿದಾಗಿದ್ದಿತು. ಮಲ್ಲರು ಸೆಣಸುವ ಕಣ, ಬಿಲ್ಲಾಳುಗಳು ಕೈಚಳಕವನ್ನು ತೋರುವ ಬಯಲು, ನಟರು ಕುಣಿಯುವ ಅಂಗಣ, ಇವೆಲ್ಲವೂ ರಂಗವೆಂದೇ ಕರೆಯಲ್ಪಡುತ್ತಿದ್ದುವು. ಮಹಾಭಾರತದ ಆದಿಪರ್ವದಲ್ಲಿ ದ್ರೋಣಾಚಾರ್ಯನು ಕುರುಕುಮಾರರ ಶಸ್ತ್ರವಿದ್ಯೆಯ ಪ್ರದರ್ಶನಕ್ಕಾಗಿ ನೆಲವನ್ನು ಅಳೆಯಿಸಿ ಸಿದ್ಧಪಡಿಸಿದುದು ಇಂತಹದೊಂದು ರಂಗವನ್ನೇ. ಕರೆಯದೆ ಅಲ್ಲಿಗೆ ಬಂದ ಕರ್ಣನನ್ನು ಅರ್ಜುನನು ಹಳಿಯಲಾಗಿ, ರಂಗವು ಯಾರೊಬ್ಬರ ಸೊತ್ತೂ ಅಲ್ಲ, ಅದು ಎಲ್ಲರಿಗೂ ಸಾಧಾರಣವಾದುದು ಎಂಬ ಅಭಿಪ್ರಾಯದ ಉತ್ತರವನ್ನು ಕರ್ಣನು ಕೊಡುತ್ತಾನೆ. ಪಂಪನ ವಿಕ್ರಮಾರ್ಜುನವಿಜಯದ ಮೂಲಕ ಈ ಪ್ರಸಂಗವು ಕನ್ನಡ ಅಧ್ಯಾಪಕರೆಲ್ಲರಿಗೂ ಪರಿಚಿತವಾಗಿದೆ. ಆದರೆ ಪಾಠದಲ್ಲಿ ಕುಲದ ಪ್ರಶ್ನೆಯೇ ಮುಂದಾಗಿ, ರಂಗದ ಸ್ವರೂಪವನ್ನು ಕುರಿತ ಮಾತು ಹಿಂದುಳಿಯುವುದುಂಟು.

ರಂಗವು ಎಲ್ಲರಿಗೂ ಸಾಧಾರಣವಾಗಬೇಕಾದರೆ ಒಂದು ನಿಬಂಧನೆ ಅವಶ್ಯ. ಅಲ್ಲಿಗೆ ಬರುವ ಹೊರಗಿನವನಿಗೆ, ಅವನು ಹಗೆಯ ನಾಡಿನವನೇ ಆಗಿರಲಿ, ಆಟದ ನಿಯಮದೊಳಗಣ ಪೆಟ್ಟಿನ ಹೊರತು ಬೇರೆ ಪೆಟ್ಟು ಬೀಳದೆಂಬ ಭರವಸೆ ಇರಬೇಕು. ಈ ಭರವಸೆಗೆ ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಇರುವ ಹೆಸರು ‘ಅಭಯ’. ಈಚಿನ ಕನ್ನಡದಲ್ಲಿ ರೂಢಿಗೆ ಬಂದಿರುವ ‘ಭಯೋತ್ಪಾದನೆ’ ಎಂಬ ಸಮಾಸವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಒಂದು ಶಬ್ದವು ಇನ್ನೊಂದರ ನೇರವಾದ ನಿರಾಕರಣೆಯೆಂಬುದು ಗೊತ್ತಾಗುವುದು. ಅಂತರರಾಷ್ಟ್ರೀಯ ಕ್ರೀಡೋತ್ಸವಗಳ ಮೇಲೆ ರಾಜಕೀಯ ಉಗ್ರವಾದಿಗಳು ನಡೆಯಿಸಿರುವ ಹಿಂಸೆಯ ತತ್ತ್ವವನ್ನು ಈ ಎರಡು ಶಬ್ದಗಳ ಸಹಾಯದಿಂದ ತಿಳಿಯಬಹುದೆಂಬುದೇ ಈ ಲೇಖನದ ಪ್ರತಿಪಾದ್ಯವಾಗಿದೆ.

ಇದು ದೂರದೇಶಗಳ ಸುದ್ದಿ, ಸಾಹಿತ್ಯದ ಅಧ್ಯಾಪಕರಿಗೆ ಇದರಿಂದೇನು ಎಂದು ಶಂಕಿಸಬಾರದು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಪಾಠ ಹೇಳುವವರಿಗೆ ಇದು ತರಗತಿಯೊಳಗೇ ಎದುರಾಗುವ ಪ್ರಶ್ನೆ. ಅಕ್ಟೋಬರ್ ೨೩ರ ಕಿತ್ತೂರು ಉತ್ಸವದಲ್ಲಿ ರಾಣಿ ಚೆನ್ನಮ್ಮನೂ ಸಂಗೊಳ್ಳಿ ರಾಯಣ್ಣನೂ ಶಸ್ತ್ರ ಹಿಡಿದುದನ್ನು ಕೊಂಡಾಡಿದ ಅಧ್ಯಾಪಕನು, ಎಲ್ಲಿಯೋ ಆಟಗಾರರ ಮೇಲೆ ಗುಂಡು ಹಾರಿಸಿದವರನ್ನು ಮರುದಿನ ಖಂಡಿಸಿದನೆನ್ನೋಣ. ಇವರೂ ತಮ್ಮ ನಾಡಿಗಾಗಿಯೇ ಶಸ್ತ್ರ ಹಿಡಿದೆವೆನ್ನುತ್ತಾರಲ್ಲ, ಇವೆರಡಕ್ಕೂ ಭೇದವೇನು ಎಂದು ವಿದ್ಯಾರ್ಥಿಯು ಕೇಳಿದರೆ ಕೊಡತಕ್ಕ ಉತ್ತರವೇನು? ಆಳುವವರು ರಾಯಣ್ಣನನ್ನು ದಂಗೆಕೋರನೆಂದೇ ಕರೆದಿದ್ದರು. ಆದುದರಿಂದ ಆಳುವವರು ಇಟ್ಟ ಹೆಸರೇ ಭೇದವಾಗಲಾರದು. ಬೇರೊಂದು ಅಳತೆಗೋಲು ಬೇಕು.

೨

ಮೊದಲು ವಿಷಯದ ಮೇರೆಯನ್ನು ಗುರುತಿಸತಕ್ಕದ್ದು. ಆಟದ ನೆರವಿಯಲ್ಲಿ ಸಂಭವಿಸುವ ಅನರ್ಥಗಳೆಲ್ಲವೂ ಒಂದೇ ಜಾತಿಯವಲ್ಲ.

೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕಾಗಿ ನೆರೆದ ಜನರ ನೂಕುನುಗ್ಗಲಿನಲ್ಲಿ ೧೧ ಮಂದಿ ಪ್ರಾಣ ಕಳೆದುಕೊಂಡರು. ಅದು ಘೋರವಾದ ಅನಾಹುತ. ಆದರೆ ಅಲ್ಲಿ ಕೊಲ್ಲುವ ಸಂಕಲ್ಪವಿರಲಿಲ್ಲ. ೧೯೯೬ರ ಮಾರ್ಚ್ ೧೩ರಂದು ಕಲಕತ್ತೆಯಲ್ಲಿ ವಿಶ್ವಕಪ್ಪಿನ ಉಪಾಂತ್ಯ ಪಂದ್ಯ ನಡೆಯುತ್ತಿರುವಾಗ, ಭಾರತವು ಸೋಲುತ್ತಿರುವುದನ್ನು ಕಂಡು ಕೆರಳಿದ ಪ್ರೇಕ್ಷಕರು ಬಾಟಲಿಗಳನ್ನೆಸೆದು ಆಸನಗಳಿಗೆ ಬೆಂಕಿಯಿಟ್ಟರು. ಆಟ ನಿಂತು, ಗೆಲವು ಶ್ರೀಲಂಕೆಗೆ ಸಂದಿತು. ಇದು ಅಭಿಮಾನದ ಉನ್ಮಾದವೇ ಹೊರತು ರಾಜಕೀಯವಲ್ಲ.

ಇನ್ನು ಮೂರನೆಯದು ಬಹಿಷ್ಕಾರ. ೧೯೭೪ರಲ್ಲಿ ಡೇವಿಸ್ ಕಪ್ ಟೆನ್ನಿಸ್ ಪಂದ್ಯಾವಳಿಯ ಅಂತಿಮ ಸುತ್ತಿಗೆ ಬಂದಿದ್ದ ಭಾರತವು, ಎದುರಾಳಿಯಾದ ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯನ್ನು ಪ್ರತಿಭಟಿಸಿ ಆಡಲು ಒಪ್ಪದೆ, ಆ ಬಿರುದನ್ನೇ ಬಿಟ್ಟುಕೊಟ್ಟಿತು. ಇದು ಶುದ್ಧ ರಾಜಕೀಯ. ಆದರೆ ಇಲ್ಲಿ ನಷ್ಟವನ್ನು ಹೊತ್ತವರು ಪ್ರತಿಭಟಿಸಿದವರೇ. ತನ್ನ ಲಾಭವನ್ನು ತಾನೇ ತ್ಯಜಿಸಿ ಆಡುವ ವಿರೋಧಕ್ಕೆ ಧರ್ಮಶಾಸ್ತ್ರದಲ್ಲಿ ದೋಷವಿಲ್ಲ.

ಈ ಮೂರನ್ನೂ ಕಳೆದ ಮೇಲೆ ಉಳಿಯುವುದು, ರಾಜಕೀಯ ಪ್ರಯೋಜನಕ್ಕಾಗಿ ರಂಗದ ಮೇಲೆಯೇ ಕೈಮಾಡುವುದು. ಅದರಲ್ಲಿಯೂ ಎರಡು ಮೆಟ್ಟಿಲುಗಳುಂಟು: ನೆಲವನ್ನು ಕೆಡಿಸಿ ಅತಿಥಿಯನ್ನು ಬರಗೊಡದಿರುವುದು ಮೊದಲನೆಯದು, ಬಂದ ಅತಿಥಿಯ ಅಥವಾ ನೋಡುವವರ ಪ್ರಾಣವನ್ನು ತೆಗೆಯುವುದು ಎರಡನೆಯದು. ಇವೆರಡರ ಗುರುತ್ವವು ಸಮವಲ್ಲ. ಆದರೆ ಗುರಿ ಒಂದೇ. ಅದು ಅಭಯ.

೩

ಈ ಬಗೆಯ ಹಿಂಸೆಯು ಇಂದಿನದಲ್ಲ. ಅದರ ನಿವಾರಣೋಪಾಯಗಳ ಚಿಂತನೆಯೂ ಇಂದಿನದಲ್ಲ. ಪ್ರಾಚೀನ ಗ್ರೀಸಿನಲ್ಲಿ ಒಲಿಂಪಿಯದ ಕ್ರೀಡೋತ್ಸವಕ್ಕೆ ಮುಂಚೆ ದೂತರು ಊರೂರಿಗೆ ಹೋಗಿ ಒಂದು ವಿರಾಮವನ್ನು ಸಾರುತ್ತಿದ್ದರು. ಅದರ ಹೆಸರು ‘ಎಕೆಖೀರಿಯ’. ಅವಯವಾರ್ಥವು ‘ಕೈಗಳನ್ನು ತಡೆಹಿಡಿಯುವುದು’ ಎಂದು. ಅದರಿಂದ ಗ್ರೀಕರ ಯುದ್ಧಗಳೆಲ್ಲ ನಿಂತುಹೋಗುತ್ತಿದ್ದುವೆಂದು ಭಾವಿಸಬಾರದು. ಉತ್ಸವ ನಡೆಯುವ ಎಲಿಸ್ ನಾಡಿನ ಮೇಲೆ ದಂಡೆತ್ತಬಾರದು, ಅಲ್ಲಿಗೆ ಹೋಗಿಬರುವವರನ್ನು ದಾರಿಯಲ್ಲಿ ತಡೆಯಬಾರದು ಎಂಬಷ್ಟೇ ಅದರ ತಾತ್ಪರ್ಯ. ಅಂದರೆ ಅದು ಸಂಧಿಯಲ್ಲ, ಅಭಯ. ಕ್ರಿಸ್ತಪೂರ್ವ ೪೨೦ರಲ್ಲಿ ಇದನ್ನು ಉಲ್ಲಂಘಿಸಿದರೆಂಬ ಆರೋಪದ ಮೇಲೆ ಸ್ಪಾರ್ಟದವರಿಗೆ ದಂಡ ವಿಧಿಸಿ, ದಂಡ ತೆರದಿರಲು ಅವರನ್ನು ಉತ್ಸವದಿಂದ ಹೊರಗಿಟ್ಟರು. ಕ್ರಿಸ್ತಪೂರ್ವ ೩೬೪ರಲ್ಲಿಯಾದರೋ ಉತ್ಸವವು ನಡೆಯುತ್ತಿರುವಾಗಲೇ ಒಲಿಂಪಿಯದ ಪವಿತ್ರವನದಲ್ಲಿ ಎರಡು ಪಕ್ಷಗಳ ಸೈನ್ಯಗಳು ಕಾದಾಡಿದುವು. ರಂಗದ ಮೇಲಣ ಅಧಿಕಾರಕ್ಕಾಗಿ ರಂಗವನ್ನೇ ರಣವನ್ನಾಗಿ ಮಾಡಿದುದಕ್ಕೆ ಇದು ಹಳೆಯ ನಿದರ್ಶನ.

ಭಾರತೀಯ ಪರಂಪರೆಯಲ್ಲಿ ಇದಕ್ಕೆ ಪ್ರಸಿದ್ಧವಾದ ಉದಾಹರಣೆಯು ಭಾಗವತದ ದಶಮಸ್ಕಂಧದಲ್ಲಿದೆ. ಕಂಸನು ಧನುರ್ಯಾಗವನ್ನೂ ಮಲ್ಲಯುದ್ಧವನ್ನೂ ನೆವಮಾಡಿ ಬಾಲಕರನ್ನು ಮಥುರೆಗೆ ಕರೆಯಿಸುತ್ತಾನೆ. ರಂಗದ ಬಾಗಿಲಲ್ಲಿ ಮದ್ದಾನೆ, ಒಳಗೆ ಚಾಣೂರ ಮುಷ್ಟಿಕರು. ಕರೆಯು ಆಟಕ್ಕೆ, ಸಂಕಲ್ಪವು ಕೊಲೆಗೆ. ಕಂಸನ ಅಪರಾಧಗಳು ಅನೇಕವಾದರೂ, ಅತಿಥಿಗೆ ಕೊಟ್ಟ ಕರೆಯನ್ನೇ ಬಲೆಯಾಗಿ ಮಾಡಿದ ಈ ಅಪರಾಧದಲ್ಲಿ ಅವನ ಕಥೆ ಮುಗಿಯುವುದು ಗಮನಾರ್ಹ.

ಶಾಸ್ತ್ರಕಾರರು ಇದನ್ನು ನಿವಾರಿಸಲು ಎರಡು ಮಾರ್ಗಗಳನ್ನು ತೋರಿಸಿದ್ದಾರೆ. ಅಶೋಕನು ತನ್ನ ಮೊದಲನೆಯ ಬಂಡೆಗಲ್ಲಿನ ಶಾಸನದಲ್ಲಿ ‘ಸಮಾಜ’ಗಳನ್ನು ಕೂಡಿಸಕೂಡದೆಂದು ವಿಧಿಸಿ, ಅವುಗಳಲ್ಲಿ ಬಹು ದೋಷಗಳನ್ನು ಕಾಣುವೆನೆಂದು ಹೇಳುತ್ತಾನೆ, ಕೆಲವು ಸಮಾಜಗಳು ತನಗೆ ಸಮ್ಮತವೆಂಬುದನ್ನೂ ಸೇರಿಸುತ್ತಾನೆ. ಇಲ್ಲಿಯ ‘ಸಮಾಜ’ವು ಇಂದಿನ ಅರ್ಥದ ಜನಸಮುದಾಯವಲ್ಲ; ಆಟ, ಕಾಳಗ, ಕುಣಿತಗಳಿಗಾಗಿ ಕೂಡುವ ನೆರವಿ. ಕೌಟಿಲ್ಯನ ಅರ್ಥಶಾಸ್ತ್ರವು ಇದಕ್ಕಿಂತ ಭಿನ್ನವಾದ ದಾರಿಯನ್ನು ಹಿಡಿಯುತ್ತದೆ. ಯಾತ್ರೆ, ಸಮಾಜ, ಉತ್ಸವಗಳಿಗೆ ರಾಜನು ಹೋಗಬಹುದು. ಆದರೆ ಕಾವಲಿನ ಅಧಿಕಾರಿಗಳ ಮೇಲ್ವಿಚಾರಣೆಯಿದ್ದಾಗ ಮಾತ್ರ ಹೋಗಬೇಕು ಎಂದು ಅದರ ವಿಧಿ. ಅದೇ ಗ್ರಂಥದ ಮತ್ತೊಂದು ಅಧಿಕರಣದಲ್ಲಿ ದೇವತಾಯಾತ್ರೆಗೆ ಬಂದ ಶತ್ರುರಾಜನನ್ನು ಉಪಾಯದಿಂದ ಕೊಲ್ಲುವ ಬಗೆಗಳನ್ನು ಹೇಳಿರುವುದನ್ನು ನೋಡಿದರೆ, ಈ ಎಚ್ಚರಿಕೆಯ ಕಾರಣವು ತಾನೇ ತಿಳಿಯುವುದು. ನೆರವಿಯು ಹಗೆಗೆ ಅನುಕೂಲವಾದ ಸ್ಥಳವೆಂಬುದನ್ನು ಕೌಟಿಲ್ಯನು ಎರಡು ಕಡೆಯಿಂದಲೂ ಬಲ್ಲವನಾಗಿದ್ದನು.

ಮೂರನೆಯದಾಗಿ ಮನುಸ್ಮೃತಿಯ ಏಳನೆಯ ಅಧ್ಯಾಯದ ಯುದ್ಧಧರ್ಮವನ್ನು ಗಮನಿಸತಕ್ಕದ್ದು. ರಣದಲ್ಲಿಯೂ ಹೊಡೆಯಬಾರದವರ ಪಟ್ಟಿಯೊಂದು ಅಲ್ಲಿದೆ. ಮಲಗಿದವನು, ಕವಚವಿಲ್ಲದವನು, ಬೆತ್ತಲೆಯಾದವನು, ನಿರಾಯುಧನು, ಕಾದಾಡದೆ ಸುಮ್ಮನೆ ನೋಡುತ್ತಿರುವವನು ಇವರೆಲ್ಲ ಅದರಲ್ಲಿ ಸೇರಿದ್ದಾರೆ. ಕ್ರೀಡಾರಂಗವನ್ನು ಮನಸ್ಸಿಗೆ ತಂದುಕೊಂಡರೆ ಈ ಪಟ್ಟಿಯು ಅದಕ್ಕಾಗಿಯೇ ಬರೆದಂತೆ ತೋರುವುದು. ಆಟಗಾರನು ನಿರಾಯುಧನು, ಪ್ರೇಕ್ಷಕನು ನೋಡುತ್ತಿರುವವನು. ಯುದ್ಧದಲ್ಲಿಯೇ ಅವಧ್ಯರಾದ ಇವರು ಆಟದಲ್ಲಿ ವಧ್ಯರಾಗುವುದೆಂತು? ಅಂತೆಯೇ ಸ್ಮೃತಿಗಳಲ್ಲಿ ‘ಆತತಾಯಿ’ಯ ಲಕ್ಷಣವನ್ನು ಹೇಳುವಾಗ ಬೆಂಕಿಯಿಡುವವನು, ವಿಷವಿಕ್ಕುವವನು, ಶಸ್ತ್ರಪಾಣಿಯಾಗಿ ಮೇಲೆ ಬೀಳುವವನು ಎಂದು ಮುಂತಾಗಿ ಕೃತ್ಯಗಳನ್ನು ಮಾತ್ರ ಎಣಿಸಿದ್ದಾರೆ, ಅವನ ಉದ್ದೇಶವೇನೆಂದು ಕೇಳಿಲ್ಲ. ಕೃತ್ಯದಿಂದ ಆತತಾಯಿ, ಉದ್ದೇಶದಿಂದಲ್ಲ. ಬೇಕಾಗಿದ್ದ ಅಳತೆಗೋಲಿನ ಅರ್ಧಭಾಗವು ಇಲ್ಲಿಯೇ ದೊರೆಯಿತು.

೪

ಈ ಶಾಸ್ತ್ರಾರ್ಥವನ್ನು ಆಧುನಿಕ ಕಾಲದ ಸಂಗತಿಗಳಿಗೆ ಹೊಂದಿಸಿ ನೋಡಬಹುದು. ೧೯೭೨ರ ಒಲಿಂಪಿಕ್ ಕ್ರೀಡೆಗಳು ಪಶ್ಚಿಮ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಜರುಗಿದುವು. ೧೯೩೬ರಲ್ಲಿ ಹಿಟ್ಲರನ ಆಳಿಕೆಯ ಬರ್ಲಿನ್ನಿನಲ್ಲಿ ನಡೆದ ಕ್ರೀಡೆಗಳ ನೆನಪನ್ನು ಅಳಿಸಬೇಕೆಂಬ ಹಂಬಲದಿಂದ, ಅಲ್ಲಿಯವರು ಕಾವಲನ್ನು ಬೇಕೆಂದೇ ಸಡಿಲಗೊಳಿಸಿ, ತಿಳಿನೀಲಿ ಉಡುಪಿನ ನಿರಾಯುಧ ಕಾವಲುಗಾರರನ್ನು ನೇಮಿಸಿದ್ದರು. ಸೆಪ್ಟೆಂಬರ್ ೫ರ ನಸುಕಿನಲ್ಲಿ ‘ಬ್ಲ್ಯಾಕ್ ಸೆಪ್ಟೆಂಬರ್’ ಎಂಬ ಪ್ಯಾಲೆಸ್ತೀನಿ ತಂಡದ ೮ ಮಂದಿ ಆಯುಧಪಾಣಿಗಳು ಕ್ರೀಡಾಗ್ರಾಮದ ಬೇಲಿಯನ್ನು ದಾಟಿ, ಮಲಗಿದ್ದ ಇಸ್ರೇಲಿ ತಂಡದವರ ಮೇಲೆ ಬಿದ್ದರು. ಇಬ್ಬರನ್ನು ಅಲ್ಲಿಯೇ ಕೊಂದು, ಒಂಬತ್ತು ಮಂದಿಯನ್ನು ಒತ್ತೆಯಾಳುಗಳನ್ನಾಗಿ ಹಿಡಿದು, ಇನ್ನೂರಕ್ಕೂ ಹೆಚ್ಚು ಮಂದಿ ಸೆರೆಯಾಳುಗಳ ಬಿಡುಗಡೆಯನ್ನು ಕೇಳಿದರು. ಆ ರಾತ್ರಿ ವಿಮಾನನಿಲ್ದಾಣವೊಂದರಲ್ಲಿ ಬಿಡಿಸುವ ಪ್ರಯತ್ನವು ವಿಫಲವಾಗಿ ಒಂಬತ್ತು ಮಂದಿಯೂ ಹತರಾದರು. ಒಬ್ಬ ಜರ್ಮನ್ ಪೊಲೀಸನೂ ಮಡಿದನು. ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನು ಇರುಳಿನಲ್ಲಿ ಪಾಂಡವರ ಪಾಳೆಯವನ್ನು ಹೊಕ್ಕು ಮಲಗಿದವರನ್ನು ಕೊಂದ ಕಥೆಯನ್ನು ಬಲ್ಲವರಿಗೆ ಈ ಕೃತ್ಯದ ಜಾತಿಯನ್ನು ವಿವರಿಸಬೇಕಾಗಿಲ್ಲ. ಅಶ್ವತ್ಥಾಮನಿಗೂ ತಂದೆಯ ವಧೆಯೆಂಬ ನಿಜವಾದ ದುಃಖವಿದ್ದಿತು. ಆ ದುಃಖವನ್ನು ಕವಿಯು ಅಲ್ಲಗಳೆಯುವುದಿಲ್ಲ. ಆದರೆ ಕೃತ್ಯವನ್ನು ಕ್ಷಮಿಸುವುದೂ ಇಲ್ಲ.

ಎರಡನೆಯ ಸಂಗತಿ ನೆರೆಯ ನಾಡಿನದು. ೨೦೦೮ರ ನವೆಂಬರಿನ ಮುಂಬಯಿ ದಾಳಿಯ ತರುವಾಯ ಭಾರತ ತಂಡವು ಪಾಕಿಸ್ತಾನಕ್ಕೆ ಹೋಗಲೊಪ್ಪಲಿಲ್ಲ. ಅದರ ಬದಲು ಶ್ರೀಲಂಕೆಯವರು ಹೋದರು. ರಾಷ್ಟ್ರಾಧ್ಯಕ್ಷರಿಗೆ ಸಲ್ಲುವಂತಹ ಕಾವಲನ್ನು ಕೊಡುವೆವೆಂದು ಅವರಿಗೆ ವಚನವಿತ್ತಿದ್ದರು. ೨೦೦೯ರ ಮಾರ್ಚ್ ೩ರ ಬೆಳಗ್ಗೆ ಲಾಹೋರಿನಲ್ಲಿ ಮೂರನೆಯ ದಿನದ ಆಟಕ್ಕೆಂದು ಹೊರಟಿದ್ದ ಆಟಗಾರರ ಬಸ್ಸಿನ ಮೇಲೆ ಬಂದೂಕುಧಾರಿಗಳು ಎರಗಿದರು. ಕಾವಲಿನ ೬ ಮಂದಿ ಪೊಲೀಸರೂ ಇಬ್ಬರು ನಾಗರಿಕರೂ ಮಡಿದರು. ಆಟಗಾರರಲ್ಲಿ ಹಲವರು ಗಾಯಗೊಂಡರು. ಬಸ್ಸಿನ ಚಾಲಕನು ಗುಂಡುಗಳ ನಡುವೆಯೂ ವಾಹನವನ್ನು ನಿಲ್ಲಿಸದೆ ಕ್ರೀಡಾಂಗಣಕ್ಕೆ ಮುಟ್ಟಿಸಿದುದರಿಂದ ಉಳಿದವರು ಬದುಕಿದರು. ಇಲ್ಲಿ ಅಭಯವನ್ನು ಮುರಿದವರೂ ಆ ನಾಡಿನಲ್ಲಿದ್ದರು, ಅಭಯಕ್ಕಾಗಿ ಪ್ರಾಣ ಕೊಟ್ಟವರೂ ಆ ನಾಡಿನವರೇ ಎಂಬುದನ್ನು ಮರೆಯಲಾಗದು. ಪರಿಣಾಮವಾಗಿ ೨೦೧೧ರ ವಿಶ್ವಕಪ್ಪಿನ ಪಂದ್ಯಗಳು ಪಾಕಿಸ್ತಾನದ ಕೈತಪ್ಪಿದುವು. ಆ ದೇಶದಲ್ಲಿ ಟೆಸ್ಟ್ ಪಂದ್ಯವು ಮತ್ತೆ ನಡೆದುದು ೨೦೧೯ರ ಡಿಸೆಂಬರಿನಲ್ಲಿ. ಅಂದು ಆಡಬಂದವರು ಪೆಟ್ಟು ತಿಂದಿದ್ದ ಶ್ರೀಲಂಕೆಯವರೇ. ಕಳೆದ ಅಭಯವನ್ನು ಮರಳಿ ಗಳಿಸಲು ಹತ್ತು ವರ್ಷಗಳಿಗಿಂತಲೂ ಹೆಚ್ಚು ಕಾಲ ಹಿಡಿಯಿತು.

ಮೂರನೆಯದು ಆಫ್ರಿಕದಲ್ಲಿ ನಡೆದುದು. ೨೦೧೦ರ ಜನವರಿ ೮ರಂದು ಅಂಗೋಲ ದೇಶದ ಕಬಿಂಡ ಪ್ರಾಂತದಲ್ಲಿ, ಆ ಪ್ರಾಂತದ ಸ್ವಾತಂತ್ರ್ಯವನ್ನು ಬಯಸುವ ಪ್ರತ್ಯೇಕತಾವಾದಿಗಳು ಟೋಗೊ ದೇಶದ ಕಾಲ್ಚೆಂಡಿನ ತಂಡದ ಬಸ್ಸಿನ ಮೇಲೆ ಗುಂಡು ಹಾರಿಸಿದರು. ಉಪಶಿಕ್ಷಕನೂ ವಾರ್ತಾಧಿಕಾರಿಯೂ ಮಡಿದರು. ಕಬಿಂಡದ ವಿವಾದಕ್ಕೂ ಟೋಗೊದವರಿಗೂ ಯಾವ ಸಂಬಂಧವೂ ಇರಲಿಲ್ಲ. ದುಃಖಿತರಾದ ಆ ತಂಡದವರು ಪಂದ್ಯಾವಳಿಯಿಂದ ಹಿಂದಿರುಗಲಾಗಿ, ಆಫ್ರಿಕದ ಕಾಲ್ಚೆಂಡಿನ ಆಡಳಿತಸಂಸ್ಥೆಯು ಮುಂದಿನ ಎರಡು ಪಂದ್ಯಾವಳಿಗಳಿಂದ ಅವರನ್ನೇ ಬಹಿಷ್ಕರಿಸಿತು. ಕೆಲವು ತಿಂಗಳ ಮೇಲೆ ಆ ತೀರ್ಪನ್ನು ಹಿಂತೆಗೆದುಕೊಂಡಿತು. ಅಭಯವನ್ನು ಕೊಡಬೇಕಾದವರು ಅದರ ಭಂಗದ ಹೊರೆಯನ್ನು ಅತಿಥಿಯ ತಲೆಯ ಮೇಲೆ ಹೊರಿಸುವುದೂ ಉಂಟೆಂಬುದಕ್ಕೆ ಇದು ಸಾಕ್ಷಿ.

ಈ ಮೂರು ಸಂಗತಿಗಳಲ್ಲಿ ಸಮಾನವಾದ ಅಂಶವೊಂದಿದೆ. ಹತರಾದವರಿಗೂ ಹಂತಕರಿಗೂ ವೈಯಕ್ತಿಕ ಹಗೆಯಿಲ್ಲ; ಹತರಾದವರ ಸಾವಿನಿಂದ ಯಾವ ನೆಲವೂ ಹಂತಕರ ವಶವಾಗುವುದಿಲ್ಲ. ಹಾಗಿದ್ದರೂ ಕ್ರೀಡೋತ್ಸವವನ್ನೇ ಆರಿಸಿಕೊಳ್ಳುವುದೇಕೆಂದರೆ, ಲೋಕದ ಕಣ್ಣು ಅಲ್ಲಿ ನೆಟ್ಟಿರುತ್ತದೆ. ಆತಿಥೇಯ ರಾಜ್ಯದ ಮಾತು ಅಲ್ಲಿ ಪಣಕ್ಕೆ ಬಿದ್ದಿರುತ್ತದೆ. ಸತ್ತವನು ಆಟಗಾರನಾದರೂ ಸುಳ್ಳಾಗುವುದು ಕರೆದವನ ವಚನ.

೫

ಭಾರತದಲ್ಲಿಯೂ ಕರ್ನಾಟಕದಲ್ಲಿಯೂ ಈ ಹಿಂಸೆಯ ಎರಡು ಮೆಟ್ಟಿಲುಗಳೂ ಕಂಡುಬಂದಿವೆ. ೧೯೯೧ರ ಅಕ್ಟೋಬರಿನಲ್ಲಿ ಶಿವಸೇನೆಯವರು ಮುಂಬಯಿಯ ವಾಂಖೇಡೆ ಕ್ರೀಡಾಂಗಣದ ಅಂಕಣವನ್ನು ಅಗೆದುಹಾಕಲಾಗಿ ಪಾಕಿಸ್ತಾನ ತಂಡದ ಪ್ರವಾಸವು ನಿಂತುಹೋಯಿತು. ೧೯೯೯ರ ಜನವರಿಯಲ್ಲಿ ದಿಲ್ಲಿಯ ಫಿರೋಜ್ ಶಾ ಕೋಟ್ಲಾದ ಅಂಕಣವನ್ನೂ ಹಾಗೆಯೇ ಕೆಡಿಸಿದರು. ಆದರೆ ಈ ಸಲ ಪ್ರವಾಸವು ನಿಲ್ಲಲಿಲ್ಲ. ದಿಲ್ಲಿಯ ಪಂದ್ಯವನ್ನು ಹಿಂದಕ್ಕೆ ಹಾಕಿ ಮೊದಲು ಚೆನ್ನೈಯಲ್ಲಿ ಆಡಿಸಿದರು. ಅಲ್ಲಿ ಜನವರಿ ೩೧ರಂದು ಪಾಕಿಸ್ತಾನವು ಅಲ್ಪಾಂತರದಿಂದ ಗೆದ್ದಾಗ ತಮಿಳು ಪ್ರೇಕ್ಷಕರು ಎದ್ದುನಿಂತು ಗೆದ್ದ ಅತಿಥಿಗಳಿಗೆ ಚಪ್ಪಾಳೆಯಿಕ್ಕಿದರು. ಬಳಿಕ ದಿಲ್ಲಿಯ ಅಂಕಣವನ್ನು ಸರಿಪಡಿಸಿ ಆಡಲಾಗಿ, ಫೆಬ್ರವರಿ ೭ರಂದು ಬೆಂಗಳೂರಿನ ಅನಿಲ್ ಕುಂಬ್ಳೆಯವರು ಒಂದೇ ಇನ್ನಿಂಗ್ಸಿನಲ್ಲಿ ೭೪ ಓಟಗಳಿಗೆ ಹತ್ತು ಹುದ್ದರಿಗಳನ್ನೂ ಪಡೆದರು. ಅಂಕಣವನ್ನು ಅಗೆದವರ ಇಷ್ಟವೇ ನೆರವೇರಿದ್ದರೆ ಕನ್ನಡಿಗರು ಇಂದಿಗೂ ಹೆಮ್ಮೆಯಿಂದ ನೆನೆಯುವ ಆ ದಿನವೇ ಇರುತ್ತಿರಲಿಲ್ಲ. ಎದುರಾಳಿಯನ್ನು ಬರಗೊಡದ ರಂಗದಲ್ಲಿ ಗೆಲವಿಗೂ ಎಡೆಯಿಲ್ಲವಷ್ಟೆ.

ಕಾವೇರಿಯ ನೀರಿನ ವಿವಾದದಲ್ಲಿಯೂ ಇದರ ನೆರಳು ಬಿದ್ದುದುಂಟು. ೨೦೧೮ರ ಏಪ್ರಿಲಿನಲ್ಲಿ ಚೆನ್ನೈಯಲ್ಲಿ ಪ್ರತಿಭಟನಕಾರರು ಐಪಿಎಲ್ ಪಂದ್ಯಕ್ಕೆ ಅಡ್ಡಿಮಾಡಿ ಮೈದಾನದೊಳಕ್ಕೆ ಪಾದರಕ್ಷೆಗಳನ್ನೆಸೆದರು. ಅಲ್ಲಿಯ ಉಳಿದ ಪಂದ್ಯಗಳನ್ನು ಪುಣೆಗೆ ಸಾಗಿಸಬೇಕಾಯಿತು. ಪ್ರಾಣಹಾನಿಯಿಲ್ಲದ ಇದನ್ನು ಭಯೋತ್ಪಾದನೆಯೆಂದು ಕರೆಯುವುದು ಶಬ್ದದ ದುರ್ವಿನಿಯೋಗ. ಆದರೂ ನದಿಯ ನ್ಯಾಯಕ್ಕೆ ಆಟಗಾರನು ಉತ್ತರವಾದಿಯಲ್ಲವೆಂಬ ತತ್ತ್ವವು ಇಲ್ಲಿಯೂ ಸಲ್ಲುವುದು.

ಕರ್ನಾಟಕದ ನೆಲದಲ್ಲಿ ಎರಡನೆಯ ಮೆಟ್ಟಿಲಿನ ಕೃತ್ಯವು ನಡೆದುದು ೨೦೧೦ರ ಏಪ್ರಿಲ್ ೧೭ರಂದು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು ಮತ್ತು ಮುಂಬಯಿ ತಂಡಗಳ ಪಂದ್ಯವಿದ್ದಿತು. ಅದು ರಾಷ್ಟ್ರರಾಷ್ಟ್ರಗಳ ನಡುವಣ ಪಂದ್ಯವಲ್ಲವಾದರೂ, ಎರಡು ಪಕ್ಷಗಳಲ್ಲಿಯೂ ಹಲವು ದೇಶಗಳ ಆಟಗಾರರಿದ್ದುದರಿಂದ ಅದನ್ನು ಈ ವರ್ಗದಲ್ಲಿ ಎಣಿಸುವುದು ಯುಕ್ತ. ಆಟ ಆರಂಭವಾಗುವುದಕ್ಕೆ ಮುಂಚೆ, ಪ್ರೇಕ್ಷಕರು ಒಳಹೋಗುತ್ತಿರುವ ವೇಳೆಯಲ್ಲಿ, ಕ್ರೀಡಾಂಗಣದ ಹೊರಗೋಡೆಯ ಬಳಿ ಬಾಂಬುಗಳು ಸಿಡಿದುವು. ಪೊಲೀಸರೂ ಸೇರಿ ಹದಿನೈದರಷ್ಟು ಮಂದಿ ಗಾಯಗೊಂಡರು. ಸುದೈವದಿಂದ ಯಾರೂ ಸಾಯಲಿಲ್ಲ. ಸಿಡಿಯದೆ ಉಳಿದ ಬಾಂಬುಗಳು ಮರುದಿನ ದೊರೆತುವು. ಇಂಡಿಯನ್ ಮುಜಾಹಿದೀನ್ ಎಂಬ ಉಗ್ರಸಂಘಟನೆಯವರ ಮೇಲೆ ಆರೋಪ ಹೊರಿಸಲಾಯಿತು.

ಅಂದು ಆಟವು ಸುಮಾರು ಒಂದು ಗಂಟೆ ತಡವಾಗಿ ಆರಂಭವಾಗಿ ಪೂರ್ಣಗೊಂಡಿತು. ಆದರೆ ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದ ಉಪಾಂತ್ಯ ಪಂದ್ಯಗಳನ್ನು ನವಿ ಮುಂಬಯಿಗೆ ಸಾಗಿಸಿದರು. ಈ ಎರಡು ತೀರ್ಮಾನಗಳಲ್ಲಿ ಹಿಂದೆ ಹೇಳಿದ ಎರಡು ಮಾರ್ಗಗಳನ್ನೂ ಕಾಣಬಹುದು. ಕಾವಲಿಟ್ಟು ಆಟವನ್ನು ನಡೆಯಿಸಿದುದು ಕೌಟಿಲ್ಯನ ಮಾರ್ಗ. ನೆರವಿಯನ್ನೇ ತೆಗೆದುದು ಅಶೋಕನ ವಿಧಿಗೆ ಸಮೀಪವಾದುದು. ಪ್ರಾಣರಕ್ಷಣೆಯ ದೃಷ್ಟಿಯಿಂದ ಎರಡನೆಯದನ್ನು ತಪ್ಪೆನ್ನುವಂತಿಲ್ಲ. ಆದರೆ ಒಂದು ವಿವೇಚನೆ ಅವಶ್ಯ. ಅಶೋಕನು ನೆರವಿಗಳನ್ನು ತಡೆದುದು ಅವುಗಳೊಳಗಣ ದೋಷಕ್ಕಾಗಿ, ಸ್ವಬುದ್ಧಿಯಿಂದ. ಬಾಂಬಿಟ್ಟವನ ಕೈಯಿಂದ ನಿಂತುಹೋಗುವ ಆಟವು ಹಾಗಲ್ಲ. ಅಲ್ಲಿ 'ಕೂಡಬಾರದು' ಎಂಬ ವಿಧಿಯನ್ನು ಬರೆದವನು ಆತತಾಯಿಯೇ.

೬

ಈಗ ಕಿತ್ತೂರಿನ ವಿದ್ಯಾರ್ಥಿಯ ಪ್ರಶ್ನೆಗೆ ಬರಬಹುದು. ೧೮೨೪ರ ಅಕ್ಟೋಬರ್ ೨೩ರಂದು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಕಿತ್ತೂರು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಹತನಾದನು. ಅವನು ಅತಿಥಿಯಲ್ಲ, ಪ್ರೇಕ್ಷಕನಲ್ಲ. ತೋಪುಗಳೊಡನೆ ಕೋಟೆಯನ್ನು ಸ್ವಾಧೀನಪಡಿಸಿಕೊಳ್ಳಲು ಬಂದವನು. ಆ ಕಾಳಗದಲ್ಲಿ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳು ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದರು. ಅವರು ಕಿತ್ತೂರಿನ ಕೈಯಲ್ಲಿದ್ದ ಒತ್ತೆಯಾಳುಗಳು. ಕಂಪನಿಯ ದೊಡ್ಡ ಸೈನ್ಯವು ಬಂದು ಮುತ್ತಿದಾಗಲೂ ರಾಣಿಯು ಅವರನ್ನು ಕೊಲ್ಲಿಸಲಿಲ್ಲ. ಯುದ್ಧವು ನಿಲ್ಲುವುದೆಂಬ ನಂಬಿಕೆಯಿಂದ ಡಿಸೆಂಬರಿನಲ್ಲಿ ಅವರನ್ನು ಜೀವಸಹಿತ ಬಿಟ್ಟುಕೊಟ್ಟಳು. ಯುದ್ಧವು ನಿಲ್ಲಲಿಲ್ಲ, ಕೋಟೆಯು ಬಿದ್ದಿತು, ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದ ರಾಣಿಯು ೧೮೨೯ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಅವಳ ಸಮಾಧಿಯು ಇಂದಿಗೂ ಆ ಊರಿನಲ್ಲಿದೆ.

ಬಿಡುಗಡೆ ಹೊಂದಿದ ಇಬ್ಬರಲ್ಲಿ ಎಲಿಯಟನು ಮುಂದೆ ಕರ್ನಾಟಕದ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿ ಸಂಗ್ರಹಿಸಿದನು. ಚಾಲುಕ್ಯರೇ ಮೊದಲಾದ ರಾಜವಂಶಗಳ ಇತಿಹಾಸಕ್ಕೆ ಆ ಸಂಗ್ರಹವು ಆರಂಭಕಾಲದ ಆಧಾರಗಳಲ್ಲಿ ಒಂದಾಯಿತೆಂಬುದು ಶಾಸನಾಭ್ಯಾಸಿಗಳಿಗೆಲ್ಲ ವಿದಿತ. ಸೆರೆಯಾಳಿಗೆ ಕೊಟ್ಟ ಅಭಯವು ಯಾವ ರೂಪದಲ್ಲಿ ಫಲಿಸುವುದೆಂಬುದನ್ನು ಕೊಡುವವನು ಅರಿಯನು. ಮ್ಯೂನಿಕ್ಕಿನ ಒಂಬತ್ತು ಒತ್ತೆಯಾಳುಗಳನ್ನೂ ಕಿತ್ತೂರಿನ ಇಬ್ಬರು ಒತ್ತೆಯಾಳುಗಳನ್ನೂ ಜೊತೆಗಿಟ್ಟು ನೋಡಿದರೆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವು ಉಪದೇಶದ ರೂಪದಲ್ಲಲ್ಲ, ನಿದರ್ಶನದ ರೂಪದಲ್ಲಿಯೇ ದೊರೆಯುವುದು.

ರಾಯಣ್ಣನ ವಿಷಯವೂ ಹಾಗೆಯೇ. ಅವನ ದಳವು ಸುಟ್ಟುದು ಬೀಡಿಯ ಸರಕಾರಿ ಕಚೇರಿಯಂತಹ ಅಧಿಕಾರಸ್ಥಾನಗಳನ್ನು. ಎದುರಿಸಿದುದು ಕಂಪನಿಯ ಸಿಪಾಯಿಗಳನ್ನು. ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿದ ಆ ವೀರನನ್ನು ಜನರು ನೆನೆಯುವುದು ಜಾತ್ರೆಯ ನೆರವಿಗೆ ಬೆಂಕಿಯಿಟ್ಟವನೆಂದಲ್ಲ.

ಹಾಗೆಂದು ನಾಡಿಗಾಗಿ ನಡೆದುದೆಲ್ಲವೂ ನಿರ್ದೋಷವೆಂದು ಸಾಧಿಸಹೊರಟರೆ ಅದು ಪಕ್ಷಪಾತವಾಗುವುದು. ಇದೇ ಸೀಮೆಯ ರಾಮದುರ್ಗ ಸಂಸ್ಥಾನದಲ್ಲಿ ೧೯೩೯ರ ಏಪ್ರಿಲಿನಲ್ಲಿ ಪ್ರಜೆಗಳ ಚಳವಳಿಯು ಹಿಂಸೆಗೆ ತಿರುಗಿ ಪೊಲೀಸರು ಹತರಾದರು. ಪ್ರಜೆಗಳ ಬೇಡಿಕೆಯಲ್ಲಿ ನ್ಯಾಯವಿದ್ದಿತು. ಆದರೂ ಗಾಂಧಿಯವರು ಆ ಹಿಂಸೆಯನ್ನು ಒಪ್ಪಲಿಲ್ಲ. ತನ್ನವರ ಕೃತ್ಯಕ್ಕೂ ಅದೇ ಅಳತೆಗೋಲನ್ನು ಹಿಡಿಯಬಲ್ಲವನಿಗೆ ಮಾತ್ರ ಪರರ ಕೃತ್ಯವನ್ನು ಅಳೆಯುವ ಅಧಿಕಾರವುಂಟು. ಉದ್ದೇಶವು ನ್ಯಾಯವೋ ಅಲ್ಲವೋ ಎಂಬುದು ಒಂದು ಪ್ರಶ್ನೆ; ಪೆಟ್ಟು ಯಾರ ಮೇಲೆ ಬಿದ್ದಿತೆಂಬುದು ಮತ್ತೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದು ಎರಡನೆಯದನ್ನು ಕೈಬಿಡಕೂಡದು. ಅಳತೆಗೋಲಿನ ಉಳಿದರ್ಧವು ಇದೇ.

೭

ಇನ್ನು ಪರಿಹಾರದ ಮಾತು. ಸವದತ್ತಿಯು ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿದ್ದ ಕಾಲದಲ್ಲಿ ಅವರಿಗೆ ಒಡೆಯರಾಗಿದ್ದವರು ಕಲ್ಯಾಣದ ಚಾಲುಕ್ಯರು. ಆ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ, ಅಂಕವಿನೋದಗಳೆಂಬ ಪ್ರಕರಣಗಳಿವೆ. ಮಲ್ಲರ ಆಹಾರ, ಅಭ್ಯಾಸ, ರಂಗದ ಏರ್ಪಾಟು ಇವೆಲ್ಲವೂ ರಾಜನು ತಿಳಿದಿರಬೇಕಾದ ವಿಷಯಗಳೆಂದು ಅವನು ಭಾವಿಸಿದ್ದನು. ಆಟವನ್ನು ಆಡಿಸುವುದು ರಾಜಧರ್ಮದ ಅಂಗವಾದರೆ, ಆಡುವವನನ್ನು ಕಾಯುವುದೂ ಅದರ ಅಂಗವೇ ಆಗುವುದು.

ಮ್ಯೂನಿಕ್ಕಿನ ಅನುಭವವು ಕಾವಲಿಲ್ಲದ ಆದರವು ಸಾಲದೆಂಬುದನ್ನು ತೋರಿಸಿತು. ಲಾಹೋರಿನ ಅನುಭವವು ಕಾವಲಿನ ವಚನವೊಂದೇ ಸಾಲದೆಂಬುದನ್ನು ತೋರಿಸಿತು. ವಿಶ್ವಸಂಸ್ಥೆಯು ೧೯೯೩ರಿಂದೀಚೆಗೆ ಒಲಿಂಪಿಕ್ ವಿರಾಮದ ನಿರ್ಣಯವನ್ನು ಮತ್ತೆ ಅಂಗೀಕರಿಸುತ್ತ ಬಂದಿದೆ. ಆ ನಿರ್ಣಯದಿಂದ ತುಪಾಕಿಗಳೆಲ್ಲ ಕೆಳಗಿಳಿದಿಲ್ಲವೆಂಬುದು ನಿಜ. ಆದರೆ ಅಭಯವು ಸರಕಾರವೊಂದೇ ಕೊಡತಕ್ಕ ವಸ್ತುವಲ್ಲ. ಚೆನ್ನೈಯ ಪ್ರೇಕ್ಷಕರು ಎದ್ದುನಿಂತಾಗ ಅದನ್ನು ಕೊಟ್ಟವರು ಟಿಕೆಟ್ಟು ಕೊಂಡು ಬಂದಿದ್ದ ಸಾಮಾನ್ಯ ಜನರು.

ಈ ಸೀಮೆಯ ಜಾತ್ರೆಗಳಲ್ಲಿ ಇದು ಹೊಸ ಮಾತಲ್ಲ. ಮಲಪ್ರಭೆಯ ಎರಡು ದಡಗಳ ಹಳ್ಳಿಗಳಲ್ಲಿ ಜಂಗೀ ಕುಸ್ತಿಯ ಕಣವನ್ನು ಹದಮಾಡಿ, ಹಲಗೆ ಬಾರಿಸಿ ಜೋಡಿ ಕಟ್ಟುವಾಗ, ಕೊಲ್ಹಾಪುರ ಸಾಂಗಲಿಗಳ ಪೈಲವಾನರೂ ಬಂದು ಕಣಕ್ಕಿಳಿಯುತ್ತಾರೆ. ಬೆಳಗಾವಿಯ ಗಡಿಯ ವಾದವು ನ್ಯಾಯಾಲಯದಲ್ಲಿದೆ, ಸಭೆಗಳಲ್ಲಿದೆ, ಪತ್ರಿಕೆಗಳಲ್ಲಿದೆ. ಆದರೆ ಕಣದೊಳಕ್ಕೆ ಇಳಿದವನ ಭಾಷೆಯನ್ನು ಕೇಳಿ ಯಾರೂ ಜೋಡಿ ಕಟ್ಟುವುದಿಲ್ಲ. ಮೈತೂಕವನ್ನೂ ಪಟ್ಟುಗಳನ್ನೂ ನೋಡಿ ಕಟ್ಟುತ್ತಾರೆ. ಸೋತವನ ಕೈಯನ್ನೂ ಹಿಡಿದೆತ್ತಿ ಮಣ್ಣು ಕೊಡವುವ ಆ ರೂಢಿಯಲ್ಲಿ ಕರ್ಣನ ಮಾತಿನ ಅರ್ಥವಿದೆ. ಆದಿಪರ್ವದ ಆ ಪ್ರಸಂಗವನ್ನು ಪಾಠ ಹೇಳುವ ಅಧ್ಯಾಪಕನು ಕುಲದ ಪ್ರಶ್ನೆಯೊಡನೆ ರಂಗದ ಪ್ರಶ್ನೆಯನ್ನೂ ಎತ್ತಿ, ಇವನು ಯಾವ ನಾಡಿನವನೆಂದು ಕೇಳದೆ ಕಾಯುವುದೇ ಅಭಯವೆಂದು ತಿಳಿಸಿದರೆ, ವಿದ್ಯಾರ್ಥಿಯು ರಾಯಣ್ಣನನ್ನೂ ಆತತಾಯಿಯನ್ನೂ ತಾನಾಗಿಯೇ ಬೇರೆಬೇರೆಯಾಗಿ ಗುರುತಿಸುವನು.